ಗಾಳದ ತುದಿಯ ಹುಳು

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡಕ್ಕೆ ಹೋದರೆ ಒಮ್ಮೊಮ್ಮೆ ಗಾಳ ಹಾಕಿ ಕೂತವರು ಕಾಣುತ್ತಾರೆ. ಬಿದಿರಿನ ಕೋಲು, ನೈಲಾನ್ ದಾರ, ಕೊಕ್ಕೆಗೊಂದು ಎರೆಹುಳು. ಮಾತಿಲ್ಲ, ಅವಸರವಿಲ್ಲ.

ಅಮೆರಿಕದ ಅರಿಜೋನಾದ ಮರಳುಗಾಡಿನಲ್ಲೂ ಹೀಗೆ ಕಾಯುವವರಿದ್ದಾರೆ. ಅಲ್ಲಿ 1963ರಲ್ಲಿ ಕೊಲೊರಾಡೊ ನದಿಯನ್ನು ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ತಡೆಯಿತು. ಜಲಾಶಯದ ಆಳದಿಂದ ಬರುವ ನೀರು ಬಿರುಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಹಾಗಾಗಿ ತಂಪುನಾಡಿನ ಟ್ರೌಟ್ ಮೀನನ್ನು ತಂದು ಬಿಟ್ಟರೆ ಅದು ಅಲ್ಲೇ ಒಗ್ಗಿಕೊಂಡಿತು. ಬೆಚ್ಚನೆಯ ನೀರಿಗೆ ಹುಟ್ಟಿದ ಆ ನದಿಯ ಸ್ವಂತ ಮೀನುಗಳು ಮಾತ್ರ ಸೊರಗಿದವು. ಟ್ರೌಟಿಗೆ ಹಾಕುವ ಗಾಳದಲ್ಲಿ ಹುಳುವಿಲ್ಲ. ಪುಕ್ಕ, ನೂಲು ಸುತ್ತಿ ನೊಣದಂತೆ ಕಟ್ಟಿದ ಹುಸಿ ಹುಳು. ಅದು ನಾಜೂಕಿನ ಕಲೆಯೇ, ಒಪ್ಪೋಣ. ನಮ್ಮ ಎರೆಹುಳುವಾದರೂ ನಿಜವಾದದ್ದು ಎಂದು ನನಗೆ ಸಣ್ಣ ಹೆಮ್ಮೆ! ನಮ್ಮ ಚೌಡಯ್ಯದಾನಪುರ ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಊರು. ಸೋಗನ್ನು ಆತ ಎಂದೂ ಸಹಿಸಿದವನಲ್ಲ.

ನಮ್ಮ ಹೊಳೆಗೂ ಮೇಲೆ ಅಣೆಕಟ್ಟುಗಳಿವೆ. ತುಂಗೆಗೆ ಗಾಜನೂರಿನಲ್ಲಿ, ಭದ್ರೆಗೆ ಲಕ್ಕವಳ್ಳಿಯಲ್ಲಿ. ಎರಡೂ ಕೂಡಲಿಯಲ್ಲಿ ಸೇರಿ ಹರಿಹರ ದಾಟಿ ನಮ್ಮಲ್ಲಿಗೆ ಬರುತ್ತವೆ. ಮಲೆನಾಡಿನಲ್ಲಿ ಸುರಿದ ಮಳೆಗೆ ಅಲ್ಲಿ ಗೇಟು ಎತ್ತಿದರೆ, ಹನಿ ಬೀಳದ ನಮ್ಮ ದಡದಲ್ಲೂ ಹೊಳೆ ಏರುತ್ತದೆ.

ಗಾಳ ಹಾಕುವ ಅಣ್ಣಂದಿರೇ, ನದಿಗೆ ನೀರು ಬಿಟ್ಟ ಸುದ್ದಿ ಕೇಳಿದ ದಿನ ಮೀನಿನ ಆಸೆ ಬಿಟ್ಟು ದಡ ಹತ್ತಿಬಿಡಿ.