ಮಾಡದೇ ಬಿಟ್ಟ ಕೆಲಸದ ಲೆಕ್ಕ



ನಾಯಕರು ಮಾಡಿದ ಕೆಲಸಗಳನ್ನು ನಾವು ಶಿಲಾಫಲಕಗಳಲ್ಲಿ ಓದುತ್ತೇವೆ. ಮಾಡದೇ ಬಿಟ್ಟ ಕೆಲಸಗಳಿಗೆ ಫಲಕವಿಲ್ಲ. ಅವನ್ನು ಓದಬೇಕಾದರೆ ಬೆಳಗಿನ ಜಾವ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ನಿಲ್ಲಬೇಕು. ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಕಿಕ್ಕಿರಿದಿರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಊಟದ ಡಬ್ಬಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೊರಟಿರುತ್ತಾರೆ.

ಈ ಊರು ದೂರದೃಷ್ಟಿಯ ನಾಯಕತ್ವವನ್ನೂ ಕಂಡಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಈ ಗಣಿಗಳಿಗೆ ವಿದ್ಯುತ್ ಹರಿಯಿತು. ಅದನ್ನು ನೋಡಲು ದಿವಾನರು ಬದುಕಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಆದರೂ ಆ ಬೆಳಕು ಅವರ ಹೆಸರಿನಲ್ಲಿ ಉಳಿಯಿತು.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಹುಟ್ಟಿತು. ಅಷ್ಟರಲ್ಲಿ ಗಣಿ ಮೂರು ಕಿಲೋಮೀಟರಿನಷ್ಟು ಆಳಕ್ಕೆ ಇಳಿದಿತ್ತು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗುತ್ತಿತ್ತು, ತೆಗೆಯುವ ಖರ್ಚು ಏರುತ್ತಿತ್ತು. ಭೂಮಿಯೊಳಗೆ ಇಲ್ಲದ ಚಿನ್ನವನ್ನು ಯಾವ ನಾಯಕನೂ ತರಲಾರ. ಆದ್ದರಿಂದ ಗಣಿ ಮುಚ್ಚಿದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮುಚ್ಚುವ ದಿನ ಬರುತ್ತದೆಂದು ತಿಳಿದ ಮೇಲೂ ಊರನ್ನು ಅದಕ್ಕೆ ಸಿದ್ಧಗೊಳಿಸದಿದ್ದುದು ತಪ್ಪು. ಸಿದ್ಧತೆ ಅಸಾಧ್ಯವೇನೂ ಆಗಿರಲಿಲ್ಲ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆ ಇದೇ ಊರಿನಲ್ಲಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು. ಅಂಥ ಇನ್ನಷ್ಟು ಪ್ರಯತ್ನಗಳು ಬೇಕಾಗಿದ್ದವು.

1992ರಲ್ಲಿ ಸಂಸ್ಥೆ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಡುವೆ ಒಂಬತ್ತು ವರ್ಷಗಳ ಕಾಲಾವಕಾಶವಿತ್ತು. ಆ ಅವಧಿಯಲ್ಲಿ ದೆಹಲಿಯಲ್ಲಿ ನರಸಿಂಹರಾವ್, ವಾಜಪೇಯಿ, ದೇವೇಗೌಡ, ಗುಜ್ರಾಲ್ ಹೀಗೆ ನಾಲ್ವರು ಪ್ರಧಾನಿಗಳಾದರು. ಬೆಂಗಳೂರಿನಲ್ಲಿ ಬಂಗಾರಪ್ಪನವರಿಂದ ಎಸ್.ಎಂ. ಕೃಷ್ಣ ಅವರವರೆಗೆ ಐವರು ಮುಖ್ಯಮಂತ್ರಿಗಳಾದರು. ಹಲವರ ನಡುವೆ ಹಂಚಿಹೋದ ಹೊಣೆ ಯಾರ ಹೆಗಲಿಗೂ ಭಾರವಾಗಲಿಲ್ಲ. ನರಸಿಂಹರಾವ್ ಎಂದರೆ ಆರ್ಥಿಕ ಸುಧಾರಣೆ, ವಾಜಪೇಯಿ ಎಂದರೆ ಪೋಖ್ರಾನ್ ಮತ್ತು ಹೆದ್ದಾರಿಗಳು ನಮಗೆ ನೆನಪಾಗುತ್ತವೆ. ಅವರ ಚರಿತ್ರೆಯಲ್ಲಿ ಕೆ.ಜಿ.ಎಫ್. ಒಂದು ಸಾಲೂ ಆಗಲಿಕ್ಕಿಲ್ಲ. ಆದರೆ ಕೆ.ಜಿ.ಎಫ್.ನ ಚರಿತ್ರೆಯಲ್ಲಿ ಅವರೆಲ್ಲರ ಆಡಳಿತದ ವರ್ಷಗಳೂ ದಾಖಲಾಗಿವೆ. ಪರಂಪರೆಯನ್ನು ಈ ಎರಡೂ ತುದಿಗಳಿಂದ ಓದಬೇಕು.

ವಿಜ್ಞಾನ ಓದಿದ ನನಗೆ ಇಲ್ಲೊಂದು ಸರಳ ಪಾಠ ಕಾಣುತ್ತದೆ. ಗಣಿಯ ಆಳದಲ್ಲಿ ನೀರು ಸದಾ ಜಿನುಗುತ್ತದೆ. ಅದನ್ನು ತುಂಬಿಸಲು ಯಾರೂ ಶ್ರಮಪಡಬೇಕಿಲ್ಲ. ಪಂಪು ನಿಂತರೆ ಸಾಕು. ಮುಚ್ಚಿದ ಮೇಲೆ ಸುರಂಗಗಳಿಗೆ ನೀರು ತುಂಬಿದ್ದು ಹಾಗೆಯೇ. ನಿಷ್ಕ್ರಿಯತೆಯೂ ಹೀಗೆಯೇ ಸದ್ದಿಲ್ಲದೆ ಏರುತ್ತದೆ. ಊರಂಚಿನ ಸಯನೈಡ್ ದಿಬ್ಬಗಳಿಂದ ಗಾಳಿಗೆ ಏಳುವ ದೂಳು ಅದರ ಇನ್ನೊಂದು ಗುರುತು.

ಮಿತ್ರರೇ, ನಾಳೆ ನೀವು ಮತದಾರರಾಗುತ್ತೀರಿ. ನಿಮ್ಮಲ್ಲಿ ಕೆಲವರು ನಾಯಕರೂ ಆಗಬಹುದು. ಒಬ್ಬ ನಾಯಕನನ್ನು ಅಳೆಯುವಾಗ ಅವನು ಕಟ್ಟಿದ್ದೇನು ಎಂದು ಕೇಳಿ. ಜೊತೆಗೆ, ಗೊತ್ತಿದ್ದೂ, ಸಮಯವಿದ್ದೂ ಮಾಡದೇ ಬಿಟ್ಟದ್ದೇನು ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಬಂಗಾರಪೇಟೆಯ ಮುಂಜಾನೆಯ ರೈಲಿನಲ್ಲಿ ಕುಳಿತಿದೆ.