ಮೊದಲ ಉಂಡೆ ನೂಲು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಶಾಲೆಯ ನಿವೃತ್ತ ಹೊಲಿಗೆ ಶಿಕ್ಷಕಿ ಆಡಿದ ಮಾತುಗಳ ಬರಹ ರೂಪ)



ಶಾಲೆಯ ಮಕ್ಕಳಿಗೆ ಕ್ರೋಶಾ ಕಲಿಸಲು ನೂಲು ಕೊಡಿಸುತ್ತೇವೆ, ಯಾವುದು ತರಬೇಕು ಎಂದು ಕೆಲವು ಹಳೆ ವಿದ್ಯಾರ್ಥಿನಿಯರು ನನ್ನನ್ನು ಕೇಳಿದ್ದಾರೆ. ಚಿಕ್ಕ ಪ್ರಶ್ನೆ ಎನಿಸಬಹುದು. ಆದರೆ ಕಲಿಯಲು ಕುಳಿತ ಮಗು ಎರಡನೇ ದಿನವೇ "ನಂಗ್ ಬತ್ತಿಲ್ಲೆ ಟೀಚರ್" ಎಂದು ಕಡ್ಡಿ ಕೆಳಗಿಟ್ಟರೆ, ಹೆಚ್ಚಿನ ಸಲ ದೋಷ ಅದರ ಕೈಯದ್ದಲ್ಲ, ನೂಲಿನದ್ದು. ತನಗೆ ಬರುವುದಿಲ್ಲ ಎಂಬ ಮಾತು ಮನಸ್ಸಿನಲ್ಲಿ ಕೂತರೆ ಕ್ರೋಶಾಕ್ಕೇ ನಿಲ್ಲುವುದಿಲ್ಲ. ಲೆಕ್ಕಕ್ಕೂ ಇಂಗ್ಲಿಷಿಗೂ ಹಬ್ಬುತ್ತದೆ.

ಕೆಲಸಕ್ಕೆ ತಕ್ಕ ನೂಲು ಎಂಬುದು ನಮ್ಮ ಕರಾವಳಿಗೆ ಹೊಸ ವಿಷಯವಲ್ಲ. ಗಂಗೊಳ್ಳಿಯ ಮೀನುಗಾರರು ಹಿಡಿಯಬೇಕಾದ ಮೀನು ನೋಡಿ ಬಲೆಯ ದಾರವನ್ನೂ ಕಣ್ಣಿನ ಅಳತೆಯನ್ನೂ ಆರಿಸುತ್ತಾರೆ. ಮಲ್ಲಿಗೆ ಕಟ್ಟುವ ನಮ್ಮ ಹೆಂಗಸರು ಬಾಳೆನಾರನ್ನು ಒದ್ದೆ ಮಾಡಿ ಮೆತ್ತಗಾಗಿಸಿಕೊಂಡೇ ಕಟ್ಟುತ್ತಾರೆ. 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿ ಸೀರೆಗೆ 80 ಮತ್ತು 100 ಕೌಂಟಿನ ಹತ್ತಿ ನೂಲು ಬೇಕು. ಒಂದು ಪೌಂಡ್ ತೂಕಕ್ಕೆ 840 ಗಜದ ಎಷ್ಟು ಲಡಿ ಬರುತ್ತವೆ ಎಂಬ ಲೆಕ್ಕವೇ ಕೌಂಟ್. ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ನೂಲು ಸಪೂರ.

ಕ್ರೋಶಾದ ಬಿಳಿ ಹತ್ತಿ ದಾರದ ಉಂಡೆಗಳ ಮೇಲೆ ಇರುವ 10, 20, 40 ಎಂಬ ಸಂಖ್ಯೆಗಳನ್ನೂ ಹೀಗೆಯೇ ಓದಬೇಕು. 40 ಅತಿ ಸಪೂರ. ಆಂಧ್ರದ ನರಸಾಪುರದ ಹೆಂಗಸರು ಪ್ರಸಿದ್ಧ ಲೇಸನ್ನು ಹೆಣೆಯುವುದು ಇಂಥ ಸಪೂರ ದಾರದಲ್ಲೇ. ಅದು ಪಳಗಿದ ಕೈಯ ಕೆಲಸ. ನಮ್ಮ ಮನೆಗಳ ಟಿ.ವಿ. ಮೇಲಿನ ಹಳೆಯ ಲೇಸು ನೋಡಿ, ಹೊಸ ಮಗುವಿನ ಕೈಗೆ ಅದೇ ದಾರ ಕೊಡಬೇಡಿ. ನಡುವಿನ ದಪ್ಪದ ನೂಲು, 4ರಿಂದ 5 ಮಿಲಿಮೀಟರ್ ಕಡ್ಡಿ ಸಾಕು.

ಬಣ್ಣ ತಿಳಿಯಾಗಿರಲಿ, ಒಂದೇ ಇರಲಿ. ಕೆನೆ, ತಿಳಿಹಳದಿ, ತಿಳಿನೀಲಿ ಆಗಬಹುದು. ಕಪ್ಪು, ಕಡುನೀಲಿ ನೂಲಿನಲ್ಲಿ ಮುಂದಿನ ಕಣ್ಣು ಯಾವುದೆಂದು ಮಳೆಗಾಲದ ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ. ಜೂಲುಜೂಲಾಗಿ ಮಖಮಲ್ಲಿನಂತೆ ಹೊಳೆಯುವ ನೂಲು ಮಕ್ಕಳಿಗೆ ಬಲು ಇಷ್ಟ. ಆದರೆ ಅದರಲ್ಲಿ ಕಣ್ಣು ಎಣಿಸಲಾಗದು, ತಪ್ಪಿದರೆ ಬಿಚ್ಚಲೂ ಆಗದು. ಬಿಚ್ಚಿ ಮತ್ತೆ ಹೆಣೆಯುವುದರಲ್ಲೇ ಅರ್ಧ ಕಲಿಕೆ ಇದೆ. ಹುರಿಯನ್ನೂ ನೋಡಿ. ನೂಲಿನ ತುದಿಯನ್ನು ಬೆರಳಲ್ಲಿ ತಿರುಚಿದಾಗ ಎಳೆಗಳು ಸಲೀಸಾಗಿ ಬೇರೆಯಾದರೆ ಕಡ್ಡಿ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಅಂಗಡಿಯಲ್ಲಿ ನಾವು ಉಲ್ಲನ್ ಎಂದು ಕೇಳಿ ತರುವುದು ಹೆಚ್ಚಾಗಿ ಅಕ್ರಿಲಿಕ್. ಅದು ಅಗ್ಗ, ಬೇಗ ಒಣಗುತ್ತದೆ, ಸ್ವಲ್ಪ ಹಿಗ್ಗುವುದರಿಂದ ಹೊಸ ಕೈಗೆ ಸುಲಭ. ಆದರೆ ಬಿಸಿಗೆ ಕರಗುತ್ತದೆ. ಬಿಸಿ ಪಾತ್ರೆ ಇಳಿಸುವ ಬಟ್ಟೆಯನ್ನು ಅದರಲ್ಲಿ ಹೆಣೆಯಲೇಬಾರದು. ಅದಕ್ಕೆ ದಪ್ಪ ಹತ್ತಿ ನೂಲೇ ಆಗಬೇಕು. ಸಂತೆಚೀಲಕ್ಕೂ ಹತ್ತಿಯೇ ಒಳ್ಳೆಯದು. ನಿಜವಾದ ಕುರಿ ಉಣ್ಣೆ ದುಬಾರಿ, ನಮ್ಮ ಸೆಖೆಗೆ ಬೇಡ, ಪೆಟ್ಟಿಗೆಯಲ್ಲಿಟ್ಟರೆ ಹುಳ ಹಿಡಿಯುತ್ತದೆ. ಯಾವುದೆಂದು ಸಂಶಯವಿದ್ದರೆ ದೊಡ್ಡವರು ಒಂದು ತುಂಡನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯದ್ದು ಕಾಗದ ಸುಟ್ಟ ವಾಸನೆ, ಉಣ್ಣೆಯದ್ದು ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ ಗಟ್ಟಿ ಗುಳಿಗೆಯಾಗುತ್ತದೆ.

ಕೊಳ್ಳುವಾಗ ಬೆಲೆಯ ಜೊತೆಗೆ ಲೇಬಲ್ಲಿನಲ್ಲಿರುವ ಮೀಟರ್ ಲೆಕ್ಕ ಓದಿ. ಒಂದೇ 100 ಗ್ರಾಮಿನ ಉಂಡೆಯಲ್ಲಿ ಸಪೂರ ನೂಲು ಹೆಚ್ಚು ಉದ್ದ, ದಪ್ಪ ನೂಲು ಕಡಿಮೆ. ಒಂದು ಕೆಲಸಕ್ಕೆ ಬೇಕಾದಷ್ಟನ್ನು ಒಟ್ಟಿಗೇ, ಬಣ್ಣದ ಲಾಟ್ ನಂಬರ್ ಒಂದೇ ಇರುವಂತೆ ತನ್ನಿ. ಆಮೇಲೆ ತಂದರೆ ಅದೇ ಹಳದಿ ಬೇರೆ ಹಳದಿಯಾಗಿ ಕಾಣುತ್ತದೆ.

ಆದ್ದರಿಂದ ದಾನಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಯಲ್ಲಿ ಉಳಿದ ಬಣ್ಣಬಣ್ಣದ ತುಂಡು ನೂಲಿನ ಚೀಲ ಕಳುಹಿಸುವ ಬದಲು, ಒಬ್ಬೊಬ್ಬ ಮಗುವಿಗೂ ತಿಳಿಬಣ್ಣದ ನುಣುಪಾದ ಒಂದು ಉಂಡೆ, ಒಂದು ಕಡ್ಡಿ ಕೊಡಿ. ಗಂಡು ಮಕ್ಕಳನ್ನೂ ಸೇರಿಸಿ. ಬಲೆ ಹೆಣೆದ ಅಜ್ಜಂದಿರ ಮೊಮ್ಮಕ್ಕಳು ಅವರು. ಮೊದಲು 20 ಕಣ್ಣಿನ ಒಂದು ಚೌಕ ಹೆಣೆಯಲಿ. ಸ್ವೆಟರ್, ಗೊಂಬೆ ಆಮೇಲೆ. ಆ ಚೌಕ ಸೊಟ್ಟಗಿದ್ದರೂ ಅಡ್ಡಿಯಿಲ್ಲ, ಲೋಟದ ಕೆಳಗಿಡಲು ಸಾಕು. ಅದನ್ನು ಮನೆಗೆ ಒಯ್ದು ತಾನೇ ಮಾಡಿದ್ದೆಂದು ತೋರಿಸಿದ ಮಗು ಮರುದಿನ ಎರಡನೇ ಚೌಕಕ್ಕೆ ಬಂದು ಕೂರುತ್ತದೆ.