ನಿಧಾನವೇ ಪ್ರಧಾನ



ನಮ್ಮ ತೆಲಂಗಾಣದ ಹುಡುಗಿ ಮಾಲಾವತ್ ಪೂರ್ಣಾ, ಹೈದರಾಬಾದಿಗೆ ಹತ್ತಿರದ ಭುವನಗಿರಿ ಬಂಡೆಯಲ್ಲಿ ಹತ್ತುವುದನ್ನು ಕಲಿತು, 2014ರ ಮೇ 25ರಂದು 13ನೇ ವಯಸ್ಸಿನಲ್ಲೇ ಎವರೆಸ್ಟ್ ಏರಿದಳು. ಅಂದಿನಿಂದ ನನಗೂ ಒಂದು ಶಿಖರದ ಆಸೆ. ಆಫೀಸಿಗೆ ರಜೆ ಹಾಕಿ ಹೋದದ್ದು ಟಾಂಜಾನಿಯಾದ ಕಿಲಿಮಂಜಾರೋಗೆ. ಎತ್ತರ 5,895 ಮೀಟರ್.

ಅಲ್ಲಿ ಗೈಡ್ ಇಲ್ಲದೆ ಹತ್ತುವಂತಿಲ್ಲ. ಅವರ ಮಂತ್ರ ‘ಪೋಲೆ ಪೋಲೆ’. ಸ್ವಾಹಿಲಿಯಲ್ಲಿ ‘ನಿಧಾನ, ನಿಧಾನ’ ಎಂದರ್ಥ. ಮಚಾಮೆ ದಾರಿಯ ಮೂರನೆಯ ದಿನ ಸುಮಾರು 4,600 ಮೀಟರ್ ಎತ್ತರದ ಲಾವಾ ಟವರ್‌ವರೆಗೆ ಹತ್ತಿಸಿ, ಮಲಗಲು 3,900ರ ಆಸುಪಾಸಿಗೆ ಇಳಿಸಿದರು. ತೆಳುಗಾಳಿಗೆ ದೇಹ ಒಗ್ಗುವುದು ಹೀಗೆ.

ಪ್ರತಿ ಸಂಜೆ ಗೈಡ್ ಕೇಳುತ್ತಿದ್ದರು: ತಲೆನೋವಿದೆಯೇ? ಊಟ ಸೇರಿತೇ? ‘ಏನಿಲ್ಲ, ಚೆನ್ನಾಗಿದ್ದೇನೆ’ ಎನ್ನುವುದು ನಮ್ಮ ಹೆಣ್ಣುಮಕ್ಕಳ ಬಾಯಿಪಾಠ. ಆ ಎತ್ತರದಲ್ಲಿ ಅದು ಪ್ರಾಣಕ್ಕೇ ಕುತ್ತು; ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿದರೆ ತಕ್ಷಣ ಕೆಳಗಿಳಿಸಲೇಬೇಕು. ನಾಲ್ಕನೆಯ ಸಂಜೆ ನಾನು ‘ತಲೆ ನೋಯುತ್ತಿದೆ’ ಎಂದೆ. ನೀರು ಕುಡಿಸಿ, ಮಲಗಿಸಿ, ಬೆಳಿಗ್ಗೆ ನೋವು ಪೂರ್ತಿ ಹೋದ ಮೇಲೆಯೇ ಹೊರಡಿಸಿದರು. ಕೊನೆಯ ಇರುಳೆಲ್ಲ ನಡೆದು, ಸೂರ್ಯ ಹುಟ್ಟುವ ಹೊತ್ತಿಗೆ ಉಹುರು ಶಿಖರದಲ್ಲಿ ನಿಂತೆ.

ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ, ನೋವಾದಾಗ ನಾವೂ ಬಾಯಿಬಿಟ್ಟು ಹೇಳೋಣ.